ಏರು, ಇಳಿ

ವಾಂಗನುಯಿ ಹೊಳೆಯ ಮೇಲ್ಗಡೆ
ಗುಡ್ಡದ ನೆತ್ತಿಯಲ್ಲೊಂದು ಹುಲ್ಲಿನ ಪಟ್ಟಿ.
ಉದ್ದ ನಾನೂರು ಗಜ, ಅಗಲ ಮೂರು ಟ್ರ್ಯಾಕ್ಟರು.
ಆಚೆ ತುದಿಯಲ್ಲಿ ನೆಲ ಮುಗಿಯುತ್ತದೆ,
ಅಲ್ಲಿಂದ ಮುಂದೆ ಬರೀ ಗಾಳಿ.

ಸಪಾಟಾಗಿಲ್ಲ, ಓರೆ.
ಇದೆಂಥ ರನ್‌ವೇ ಎಂದು ಹೊಸಬರು ನಕ್ಕರೆ
ಅಪ್ಪ ಹೇಳುತ್ತಿದ್ದ:
ಇಲ್ಲಿ ಏರಬೇಕಾದರೆ ಇಳಿಯಬೇಕು,
ಇಳಿಯಬೇಕಾದರೆ ಏರಬೇಕು.

ಮರ್ಡೋ ಪೆಟ್ರಿಯ ಹಳದಿ ವಿಮಾನ
ಇಳಿಜಾರಿನಲ್ಲಿ ಉರುಳಿ, ಅಂಚಿನಲ್ಲಿ ಕಾಣೆಯಾಗಿ,
ಎದೆ ಒಂದು ಬಡಿತ ತಪ್ಪಿಸಿಕೊಂಡ ಮೇಲೆ
ಕಣಿವೆಯ ಬಾಯಿಂದ ಎದ್ದು ಬರುತ್ತಿತ್ತು.
ಹೊಟ್ಟೆ ತುಂಬ ಬೂದಿಬಣ್ಣದ ಗೊಬ್ಬರ.
ಎದುರು ಗುಡ್ಡಗಳ ಬೆನ್ನಿಗೆಲ್ಲ ಎರಚಿ
ನಾಲ್ಕೇ ನಿಮಿಷಕ್ಕೆ ವಾಪಸು,
ಏರಿನ ಮೇಲೆ ಕೂತು, ತಾನಾಗಿ ನಿಂತು,
ಪಾವೊರಾನ ಲೋಡರಿಗೆ ಬಾಯಿ ತೆರೆಯುತ್ತಿತ್ತು.
ಇಂಜಿನ್ನು ಆರಿಸುವ ಪದ್ಧತಿಯೇ ಇರಲಿಲ್ಲ.

ನನಗೆ ಒಂಬತ್ತು ವರ್ಷ. ನನ್ನ ಕೆಲಸ ಕುರಿ ಅಟ್ಟುವುದು.
ಬೆಟ್ಟವೆಲ್ಲ ಬಿಟ್ಟು ಅವಕ್ಕೆ ಆ ಪಟ್ಟಿಯೇ ಬೇಕು.
ಚೆಲ್ಲಿದ ಗೊಬ್ಬರ ಉಂಡು
ಕ್ಲೋವರ್ ಸೊಪ್ಪು ಅಲ್ಲಿ ಮೊಣಕಾಲೆತ್ತರ.

ಅಪ್ಪನ ಕೆಲಸ ಲೆಕ್ಕ.
ಈ ಡಬ್ಬಿಯಿಂದ ಆ ಡಬ್ಬಿಗೆ
ಹಾರಾಟಕ್ಕೊಂದು ಹೊಳೆಗಲ್ಲು,
ಠಣ್.

ಆ ಸಂಜೆ ಡಬ್ಬಿ ಬೋರಲು ಹಾಕಿದಾಗ ಅರವತ್ತೆರಡು.
ಮರ್ಡೋನ ಪುಸ್ತಕದಲ್ಲಿ ಅರವತ್ಮೂರು.
ಒಂದು ಟನ್ನಿನ ದುಡ್ಡು, ಅಷ್ಟೇ.
ಮಾತು ದುಡ್ಡಿನ ಹತ್ತಿರ ನಿಲ್ಲಲಿಲ್ಲ.
‘ಕಲ್ಲು ಸುಳ್ಳು ಹೇಳೋದಿಲ್ಲ’ ಅಂದ ಅಪ್ಪ.
‘ಹಾಗಾದರೆ ನಾನು?’ ಅಂದ ಮರ್ಡೋ.
ಪಾವೊರಾ ಟೈರಿಗೆ ಅಂಟಿದ ಮಣ್ಣು ಕೆದಕುತ್ತ ನಿಂತಿದ್ದ.
ಅವನನ್ನು ಯಾರೂ ಕೇಳಲಿಲ್ಲ.

ಅರವತ್ಮೂರನೆಯದು ನನ್ನ ಜೇಬಿನಲ್ಲಿತ್ತು.
ಕಪ್ಪು ಕಲ್ಲು, ನಡುವಿಗೆ ಬಿಳಿಯ ಗೆರೆ.
ಅಪ್ಪ ಚಹಾಕ್ಕೆಂದು ಬೆನ್ನು ತಿರುಗಿಸಿದಾಗ ಎತ್ತಿಕೊಂಡಿದ್ದೆ,
ಚೆಂದ ಕಂಡಿತು ಅಂತ.
ಹೇಳಲು ಬಾಯಿ ತೆರೆದೆ ಕೂಡ.
ಅಷ್ಟರಲ್ಲಿ ಇಂಜಿನ್ನು ಗರ್ಜಿಸಿತು.
ಖಾಲಿ ಹೊಟ್ಟೆಯ ವಿಮಾನ
ಅಂಚಿಗೆ ಎಷ್ಟೋ ಮುಂಚೆಯೇ ನೆಲ ಬಿಟ್ಟಿತು.

ಬೇರೆ ಪೈಲಟ್ ಬರಬಹುದಿತ್ತು.
ಮರುವರ್ಷವೇ ಸರಕಾರ ಸಬ್ಸಿಡಿಗೆ ಕೈಯೆತ್ತಿತು,
ಗೊಬ್ಬರದ ಬೆಲೆ ಏರಿತು, ಉಣ್ಣೆಯ ಬೆಲೆ ಇಳಿಯಿತು,
ಪಟ್ಟಿ ಪಾಳು ಬಿದ್ದದ್ದು ಅದಕ್ಕೇ
ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.
ನಿಜವೂ ಹೌದು.
ಆ ಕಲ್ಲು?
ಯಾವುದೋ ಮನೆ ಬದಲಿಸುವಾಗ
ಗುಂಡಿಗಳ ಡಬ್ಬಿಯ ಜೊತೆ ಕಳೆದುಹೋಯಿತು.

ಈಗ ಗುಡ್ಡ ಕಾರ್ಬನ್ ಕಂಪನಿಯದು.
ಪೈನ್ ಸಸಿ ನೆಡಲು ಹನ್ನೆರಡು ಹುಡುಗರು,
ಅವರ ಮುಂದಾಳು ಪಾವೊರಾನ ಮೊಮ್ಮಗ, ಮಾನಿಹೆರಾ.
ನಾನು ಬಂದದ್ದು ಗಾಳಿಚೀಲದ ಕಂಬ ಕೀಳಲು.
ತುದಿಗೆ ತುಕ್ಕಿನ ಬಳೆಯೊಂದು ಉಳಿದಿದೆ,
ಬಟ್ಟೆ ಎಂದೋ ಗಾಳಿಯ ಪಾಲು.

ಸಾಲು ಸಾಲಾಗಿ ನೆಟ್ಟುಕೊಂಡು ಬಂದವರು
ಪಟ್ಟಿಯ ಅಂಚಿಗೆ ನಿಂತರು.
ಸಲಿಕೆ ಇಳಿಯಲೊಲ್ಲದು.
ಮಾನಿಹೆರಾ ಬೂಟಿನಿಂದ ಒತ್ತಿದ,
ಎರಡೂ ಕಾಲೂರಿ ಅದರ ಮೇಲೆ ಹಾರಿ ನಿಂತ.
ಠಣ್.
ಆ ಸದ್ದು ನನಗೆ ಗೊತ್ತು.

‘ಎಷ್ಟು ಸಲ ಇಳಿದಿರಬೇಕು ಇಲ್ಲಿ, ನೆಲ ಹೀಗಾಗಬೇಕಾದರೆ?’
‘ಎಲ್ಲ ಸೇರಿ ಗೊತ್ತಿಲ್ಲ.
ಕೊನೆಯ ದಿನ ಅರವತ್ಮೂರು.’
ಬಾಯಿಂದ ಬಿತ್ತು,
ನಲವತ್ತು ವರ್ಷ ತಡವಾಗಿ,
ಕೇಳಬೇಕಾದ ಮೂವರಲ್ಲಿ
ಒಬ್ಬರೂ ಮಣ್ಣಿನ ಮೇಲಿಲ್ಲದಾಗ.

ಅವನು ಸಲಿಕೆಯ ತುದಿ ಒರೆಸಿಕೊಂಡ.
‘ತಾತನೂ ಅಷ್ಟೇ ಹೇಳ್ತಿದ್ದ’ ಅಂದ.
ಅದರಲ್ಲೇನೂ ದೊಡ್ಡದಿಲ್ಲ ಎಂಬಂತೆ
ಸಸಿಯ ಚೀಲ ಹೆಗಲಿಗೇರಿಸಿ
ಪಟ್ಟಿ ದಾಟಿ, ಆಚೆಯ ಮೆದುಮಣ್ಣಿಗೆ ಇಳಿದ.

ಕಂಬವೂ ಕಿತ್ತು ಬರಲಿಲ್ಲ.
ಅಲ್ಲಾಡಿಸಿ ನೋಡಿ,
ಬಿಟ್ಟು ಬಂದೆ.