ಹದಿನಾಲ್ಕನೇ ಕಾಲಂ

ಸಿದ್ದಾಪುರ ಠಾಣೆ, ರಾತ್ರಿ ಪಾಳಿ.
ವೈರ್‌ಲೆಸ್ಸು ಆಗಾಗ ಗಂಟಲು ಸರಿಮಾಡಿಕೊಳ್ಳುತ್ತದೆ:
ಮಾಲ್ದಾರೆ ರಸ್ತೆಯಲ್ಲಿ ಒಂಟಿ ಸಲಗ, ಬೈಕಿನವರನ್ನು ಬಿಡಬೇಡಿ.
ಬರೆದುಕೊಂಡೆ. ಮತ್ತೆ ಅರ್ಜಿಗೆ ಬಂದೆ.

ಹೆಸರು ಜೋಯಪ್ಪ. ಹುದ್ದೆ ಹೆಡ್ ಕಾನ್‌ಸ್ಟೇಬಲ್.
ವಯಸ್ಸು ನಲವತ್ಮೂರು.
ಸೇವೆ ಇಪ್ಪತ್ತು ವರ್ಷ (ಎರಡು ಬಹುಮಾನ, ಒಂದು ಮೆಮೊ;
ಅದನ್ನು ಯಾರೂ ಕೇಳಿಲ್ಲ).
ಕೋರ್ಸು: ಎಂ.ಎ., ಅಪರಾಧ ಶಾಸ್ತ್ರ ಮತ್ತು ಪೊಲೀಸ್ ಆಡಳಿತ.
ಹದಿನಾಲ್ಕನೇ ಕಾಲಂ:
ಈ ವಿಷಯವನ್ನೇ ಏಕೆ ಓದಬಯಸುತ್ತೀರಿ?
ಐದು ಗೆರೆ ಬಿಟ್ಟಿದ್ದಾರೆ.

ಪಳಗಿದ ಕೈ, ತಾನಾಗಿಯೇ ಹೊರಟಿತು:
ಸದರಿ ಅರ್ಜಿದಾರನು ಈ ಮೂಲಕ
ಹೊಡೆದುಹಾಕಿದೆ.
ಮಹಜರಿನ ಕನ್ನಡದಲ್ಲಿ ಆಸೆಗೆ ಶಬ್ದವಿಲ್ಲ.

ಸಾಹೇಬರು ನಕ್ಕಿದ್ದರು:
‘ನೀವು ಎಂ.ಎ. ಮಾಡಿದರೆ ಕಳ್ಳ ತಾನಾಗಿ ಬಂದು ಕೂರುತ್ತಾನೇನ್ರೀ?’
ಹೆಂಡತಿ ನಗಲಿಲ್ಲ. ಮಗಳ ಪುಸ್ತಕಕ್ಕೆ ತಂದ ಕಂದು ಹಾಳೆ
ಇನ್ನೂ ಮೂರು ಉಳಿದಿದೆ, ನಿಮ್ಮದಕ್ಕೂ ಹೊದಿಸುತ್ತೇನೆ ಅಂದಳು.

ಮೊನ್ನೆ ಲೈನ್‌ಮನೆಯಿಂದ ಜಾನು ಬಂದಿದ್ದಳು,
ಯರವರ ಚುಬ್ರನ ಮಗಳು.
ಪಿಯುಸಿ ಪಾಸು. ಮೈಸೂರಲ್ಲಿ ಇದೇ ವಿಷಯಕ್ಕೆ ಬಿ.ಎ. ಇದೆಯಂತೆ,
ಹಾಸ್ಟೆಲ್ಲೂ ಇದೆಯಂತೆ,
‘ಅಪ್ಪನ ಕೇಸು ಅಡ್ಡ ಬರ್ತದಾ ಸಾರ್?’
ಹೊಸಿಲು ದಾಟದೆ ಕೇಳಿದಳು.
ಆ ಹೊಸಿಲು ಅವಳಿಗೆ ಗೊತ್ತು.
ಎಂಟು ವರ್ಷದ ಹಿಂದೆ ಬುತ್ತಿ ಹಿಡಿದು
ಅಲ್ಲೇ ನಿಂತಿದ್ದಳು, ಒಳಗೆ ಚುಬ್ರ ಎರಡು ರಾತ್ರಿ,
ಒಂದು ಮೂಟೆ ಕರಿಮೆಣಸಿಗೆ.

ಮೂಟೆ ಮೂರನೇ ದಿನ ಸಿಕ್ಕಿತು,
ತೋಟದ ರೈಟರನ ಜೀಪ್ ಶೆಡ್ಡಲ್ಲಿ, ಟಾರ್ಪಾಲಿನ ಕೆಳಗೆ.
ಆ ಮಹಜರು ಬರೆದದ್ದೂ ನಾನೇ.
ಮೂಟೆಯ ತೂಕ, ದಾರದ ಬಣ್ಣ, ಪಂಚರ ಸಹಿ, ಎಲ್ಲಾ ಇತ್ತು.
ಎರಡು ರಾತ್ರಿಗೆ ಜಾಗ ಇರಲಿಲ್ಲ.

‘ಬರಲ್ಲ’ ಅಂದೆ. ‘ಆ ಕೇಸು ಇಲ್ಲವೇ ಇಲ್ಲ.’
ಒಳಗೆ ಬಾ ಅಂದೆ. ಬರಲಿಲ್ಲ.
‘ಅಲ್ಲಿ ಏನು ಕಲಿಸ್ತಾರೆ ಸಾರ್? ಹೊಡೆಯೋದಾ?’

ಪಠ್ಯಪಟ್ಟಿ ತೆಗೆದು ಓದಿದೆ,
ಬಾಗಿಲಲ್ಲೇ, ಒಪ್ಪಿಸುವ ಹುಡುಗನ ಹಾಗೆ:
ಬೆರಳಚ್ಚು, ಸಾಕ್ಷ್ಯ, ಜೈಲಿನ ಇತಿಹಾಸ,
ನಾಲ್ಕನೇ ಸೆಮಿಸ್ಟರಿಗೆ ಸಂತ್ರಸ್ತ ಶಾಸ್ತ್ರ.
‘ಅಂದರೆ?’
ಅನುಭವಿಸಿದವರ ಬಗ್ಗೆ, ಅಂದೆ.
‘ಅದು ಎಷ್ಟು ದಪ್ಪ ಇದೆ?’

ನೋಡಿಲ್ಲ, ಇನ್ನೂ ಸೇರಿಲ್ಲ, ಅಂದೆ.
ಹಾಗಾದರೆ ನಾನೇ ಮೊದಲು ನೋಡ್ತೇನೆ,
ಅಂತ ಮೆಟ್ಟಿಲಿಳಿದು ಬಸ್ಸಿಗೆ ಓಡಿದಳು.

ಗಂಟೆ ಎರಡೂವರೆ.
ಮೊದಲ ಗೆರೆಯಲ್ಲಿ ಬರೆದೆ:
ಮೂಟೆ ಮೂರನೇ ದಿನ ಸಿಕ್ಕಿತು.
ಇದು ಉತ್ತರವಲ್ಲ, ಗೊತ್ತು.
ಯಾರೋ ಗುಮಾಸ್ತ ಇದರ ಪಕ್ಕ ಪ್ರಶ್ನೆಚಿಹ್ನೆ ಹಾಕುತ್ತಾನೆ.
ಇನ್ನೂ ನಾಲ್ಕು ಗೆರೆ ಖಾಲಿ.

ವೈರ್‌ಲೆಸ್ಸು ಅಂದಿತು:
ಸಲಗ ರಸ್ತೆ ದಾಟಿ ತೋಟಕ್ಕಿಳಿದಿದೆ,
ಲೈನ್‌ಮನೆಯ ಕಡೆ.
ಟಾರ್ಚು ಎತ್ತಿಕೊಂಡೆ.
ಅರ್ಜಿಯ ಮೇಲೆ ಲಾಠಿ ಇಟ್ಟೆ, ಗಾಳಿಗೆ ಹಾರದಿರಲಿ ಎಂದು.