ಅಸಲು ಹಿಂದಕ್ಕೆ

ವಿರಾಜಪೇಟೆಯ ಗಡಿಯಾರ ಕಂಬದಿಂದ ಎಡಕ್ಕೆ
ಮೂರನೆಯ ಅಂಗಡಿ ನನ್ನದು. ಅಪ್ಪನದಾಗಿತ್ತು.
ಈಗ ರಿಪೇರಿಗೆ ಬರುವವರು ಕಡಿಮೆ,
ಸೆಲ್ ಹಾಕಿಸುತ್ತಾರೆ, ಪಟ್ಟಿ ಬದಲಿಸುತ್ತಾರೆ,
ಹೊರಗೆ ನಿಂತೇ ದುಡ್ಡು ಕೊಡುತ್ತಾರೆ.

ಪಳಂಗಪ್ಪನವರು ಮಾತ್ರ ಒಳಗೆ ಬಂದು ಕೂರುತ್ತಾರೆ.
ಅವರ ಹುಚ್ಚು ಬೇರೆ: ಆಸ್ಟ್ರಿಯದ ಬೆಟ್ಟದವರು
ಯುದ್ಧದ ಕಾಲದಲ್ಲಿ ಗುರಿ ಹೊಡೆದು ಗೆದ್ದ ಬಿಲ್ಲೆಗಳು.
ಹನ್ನೊಂದಿವೆ. ಎಲ್ಲ ಅಂಚೆಯಲ್ಲಿ ಬಂದವು,
ಒಂದೊಂದಕ್ಕೂ ಒಂದು ಚೀಲ ಕಾಳುಮೆಣಸು ಹೋಗಿದೆ.
‘ಅವರೂ ನಮ್ಮ ಹಾಗೇ ಮಾರಾಯ್ತಿ,
ಬೆಟ್ಟ, ದನ, ಕೋವಿ.
ಹೊಡೆಯಲಿಕ್ಕೆ ತೆಂಗಿನಕಾಯಿ ಇಲ್ಲ, ಅಷ್ಟೇ.’

ಅಷ್ಟೇ ಅಲ್ಲ ಅಂತ ಇಬ್ಬರಿಗೂ ಗೊತ್ತು.
ಹದ್ದಿನ ಕಾಲ ಬಳಿ ಓರೆಯಾಗಿ ನಿಂತ ಸ್ವಸ್ತಿಕ
ನಮ್ಮ ಹೊಸ್ತಿಲಿನದಲ್ಲ.
ಅದರ ಮೇಲೆ ಹೆಬ್ಬೆರಳಿಟ್ಟೇ ಅವರು ಬಿಲ್ಲೆ ತೋರಿಸುತ್ತಾರೆ,
ನೆಂಟರ ಮನೆಯ ಹಗರಣ ಮುಚ್ಚಿದ ಹಾಗೆ.

ಅಸಲು ನಕಲಿ ನೋಡುವುದು ಅವರೇ ಕಲಿಸಿದ್ದು.
ಅಚ್ಚೊತ್ತಿದ್ದಾದರೆ ಅಂಚು ಚೂಪು,
ಎರಕ ಹೊಯ್ದದ್ದಾದರೆ ಮೈಮೇಲೆ ಸಿಡುಬಿನ ಗುಳಿ.
ಸತು ಬೂದಿಬಣ್ಣಕ್ಕೆ ಮುಪ್ಪಾಗುತ್ತದೆ, ಮತ್ತೆ ಹೊಳೆಯುವುದಿಲ್ಲ.
ಮೀನಾಕಾರಿಯ ಮೇಲೆ ಸೂಜಿ ಜಾರುತ್ತದೆ,
ಬರೀ ಬಣ್ಣವಾದರೆ ಕಚ್ಚುತ್ತದೆ.
‘ಮುಖ ಯಾರು ಬೇಕಾದರೂ ಮಾಡುತ್ತಾರೆ. ಬೆನ್ನು ನೋಡು.’

ಕೈಲ್‌ಪೊಳ್ದ್ ಕಳೆದ ಮೂರನೆಯ ದಿನ
ಹನ್ನೆರಡನೆಯದನ್ನು ತಂದರು. ಕೊಂಡದ್ದಲ್ಲ.
ತಾತ ನಲವತ್ತೈದರಲ್ಲಿ ಇಟಲಿಯ ಬೆಟ್ಟದಿಂದ
ಮಿಲಿಟರಿ ಕೋಟಿನ ಜೇಬಿನಲ್ಲಿ ತಂದದ್ದು.
ಅದರ ಬಗ್ಗೆ ತಾತ ಮಾತಾಡಿದ್ದು ಒಂದೇ ಸಲ:
‘ಹುಡುಗ ಚೆನ್ನಾಗಿ ಹೊಡೆಯುತ್ತಿದ್ದ.
ನಾನು ಅವನಿಗಿಂತ ಚೆನ್ನಾಗಿ.’
ಅಂದಿನಿಂದ ವರ್ಷವರ್ಷವೂ ಕೋವಿಗಳ ಸಾಲಿನಲ್ಲಿ
ತೋಕ್‌ಪೂ ಮುಡಿದು ಕೂತಿದೆ.
ಪೂಜೆಗೆ ಇಟ್ಟದ್ದನ್ನು ತಿರುಗಿಸಿ ನೋಡುವುದುಂಟೇ?
‘ಇದಕ್ಕೆ ಪರೀಕ್ಷೆ ಬೇಡ’ ಎಂದರು. ‘ಸುಮ್ಮನೆ ನೋಡು.’

ಸುಮ್ಮನೆ ನೋಡಿದೆ.
ಅಂಚು ಮೊಂಡು. ರೆಕ್ಕೆಯಲ್ಲಿ ಗುಳಿ.
ಪಿನ್ನು ನೀಲಿ,
ಅಲಾರಂ ಗಡಿಯಾರದ ಸ್ಪ್ರಿಂಗನ್ನು ಕಾಯಿಸಿ ನೆಟ್ಟಗೆ ಮಾಡಿದರೆ
ಬರುತ್ತದಲ್ಲ, ಆ ನೀಲಿ.
ಅರದ ಗೆರೆಗಳು ಬಲದಿಂದ ಎಡಕ್ಕೆ ಇಳಿದಿವೆ. ಎಡಗೈಯವನ ಕೆಲಸ.
ಕೀಲಿನ ಅಡಿಯಲ್ಲಿ,
ಗಡಿಯಾರದ ಬೆನ್ನೊಳಗೆ ರಿಪೇರಿಯವನು ತನಗಷ್ಟೇ ಗೀಚಿಕೊಳ್ಳುವ ಅಂಕಿ:
೭೧, ಅಡ್ಡಗೆರೆ, ೪೦೬.
ಏಳರ ಬಾಲವನ್ನು ಅಷ್ಟುದ್ದ ಎಳೆಯುತ್ತಿದ್ದವರು
ಈ ಪೇಟೆಯಲ್ಲಿ ಒಬ್ಬರೇ.

ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆಯಲಿಲ್ಲ.
‘ನಾಳೆ ಬನ್ನಿ’ ಎಂದೆ. ‘ಇವತ್ತು ಬೆಳಕು ಸಾಲದು.’
ಹೊರಗೆ ಬಿಸಿಲು ರಣ ಹೊಡೆಯುತ್ತಿತ್ತು.

ರಾತ್ರಿ ಅಟ್ಟದಿಂದ ದಫ್ತರ ಇಳಿಸಿದೆ.
ಎಪ್ಪತ್ತೊಂದನ್ನು ಗೆದ್ದಲು ಅರ್ಧ ಓದಿ ಮುಗಿಸಿತ್ತು.
ನಾನೂರಾರು: ಬೊಳ್ಳವ್ವ.
ತಾತನ ಹೆಂಡತಿ. ಆ ವರ್ಷವೇ ತಾತ ತೀರಿಕೊಂಡದ್ದು.
‘ಬಿಲ್ಲೆ, ನಕಲು ಒಂದು.
ಬೆನ್ನ ಮೇಲಿನ ಹೆಸರು ನಕಲಿಗೆ ಬೇಡವಂತೆ.
ಅಸಲು ಹಿಂದಕ್ಕೆ ಕೊಟ್ಟಿದೆ.
ಸಣ್ಣ ಡಬ್ಬಿ, ಹತ್ತಿ, ಅರಗು ಎರಡು ಕಡ್ಡಿ.
ಇಂಗ್ಲಿಷಲ್ಲದ ಒಂದು ಊರಿನ ಹೆಸರು ಬರೆದುಕೊಟ್ಟೆ,
ಎರಡು ಸಲ ತಪ್ಪಿತು.
ಒಟ್ಟು ಹದಿನಾಲ್ಕು ರೂಪಾಯಿ. ಮನೆಯಲ್ಲಿ ಹೇಳಬಾರದು ಎಂದಿದ್ದಾರೆ.’

ಹೇಳಲಿಲ್ಲ ಅಪ್ಪ. ನನಗೂ.

ಬೆಳಿಗ್ಗೆ ಪಳಂಗಪ್ಪನವರು ಒಳಗೆ ಬಂದು ಕೂತರು,
ಜೇಬಿನಿಂದ ಎರಡು ಕಿತ್ತಳೆ ತೆಗೆದು ಮೇಜಿನ ಮೇಲಿಟ್ಟರು.
ಗಲ್ಲಾಪೆಟ್ಟಿಗೆಯ ಕೆಳಗೆ ದಫ್ತರ ತೆರೆದೇ ಇತ್ತು.
‘ಹೇಳು’ ಎಂದರು.
ಗಡಿಯಾರ ಕಂಬ ಹತ್ತು ಹೊಡೆಯಿತು, ಏಳು ನಿಮಿಷ ತಡವಾಗಿ.
ಭೂತಗನ್ನಡಿಯನ್ನು ಸೆರಗಿನಲ್ಲಿ ಒರೆಸಿ
ಅವರ ಕೈಗಿಟ್ಟೆ.