ಹಾಲಿ ವಸ್ತಿ

ಮೊದಲು ಹೊಕ್ಕವಗ ಬಿ, ಆಮ್ಯಾಲ ಬಂದವಗ ಸಿ,
ಇಷ್ಟ ಇದರ ನ್ಯಾಯ.
ಛತ್ರದಾಗ ಚಾಪಿ ಹಾಸಿದಂಗ,
ಯಾರು ಮುಂಚೆ ಬಂದ್ರೋ ಅವರದು ಗ್ವಾಡಿ ಮಗ್ಗಲಿನ ಜಾಗ.
ಎಸ್‌ಡಿಬಿ, ಎಸ್‌ಡಿಸಿ, ಎಸ್‌ಡಿಡಿ: ಇವು ಹೆಸರಲ್ಲ,
ಹಾಲಿ ವಸ್ತಿ.

ಗೊತ್ತಿರಲಿಲ್ಲ ಅನ್ನಂಗಿಲ್ಲ ನಾನು.
ಗೊತ್ತಿತ್ತು. ನಾಳೆ ಮಾಡಿದ್ರಾತು ಅಂತ ಬಿಟ್ಟಿದ್ದೆ.

ನವನಗರದ ಸ್ಟುಡಿಯೋ, ಮೆಳ್ಳಿಗೇರಿ ಮುರಿಗೆಪ್ಪನವರದು.
ಕರೀ ಡಬ್ಬಿಯೊಳಗ ಮುಳುಗೂ ಮುಂಚಿನ ಬಾಗಲಕೋಟಿ:
ಅವರು ಮನಿಮನಿಗೆ ಹೋಗಿ ತಗದದ್ದು,
ನಾ ಎರಡು ವರ್ಷ ಕುಂತು ಸ್ಕ್ಯಾನ್ ಮಾಡಿದ್ದು.
ಕಟ್ಟಿ ಮ್ಯಾಲಿನ ಮುದುಕ್ಯಾರು, ಜಂತಿ ಇಳಿಸೂ ಕೂಲಿಯವರು,
ಕಿತ್ತ ಬಾಗಿಲ ಬೆನ್ನ ಮ್ಯಾಲ ಹೊತ್ತು ನಿಂತ ಹುಡುಗ.
ನೆಗೆಟಿವ್ ಆಗಲೇ ಒಂದಕ್ಕೊಂದು ಅಂಟಿ ಹೋಗಿದ್ವು.
ಬಿಳೀ ಡಬ್ಬಿಯೊಳಗ ಈ ಸೀಜನ್ನಿನ ಮದಿವಿ.
ಮೂರನೇದು, ಮದಿವಿಯ ನಕಲಿಗೆ.

ರಾತ್ರಿ ಎರಡಕ್ಕ ಒಂದು ಸ್ಕ್ರಿಪ್ಟ್ ಏಳತಿತ್ತು:
ಬಿ ಒಳಗಿದ್ದದ್ದನ್ನ ಸಿ ಒಳಗ ಬರಿ,
ಸಿ ಒಳಗ ಹೆಚ್ಚಿಗಿ ಕಂಡದ್ದನ್ನ ಅಳಸು.
ನಾನ ಬರದದ್ದು.

ಮೇ ತಿಂಗಳ ಗುಡುಗು. ಕರೆಂಟ್ ಹೋತು, ಬಂತು, ಹೋತು, ಬಂತು.
ಮೂರೂ ಡಬ್ಬಿ ಕತ್ತಲದಾಗ ಎದ್ದು
ಸಿಕ್ಕ ಸಿಕ್ಕ ಚಾಪಿ ಮ್ಯಾಲ ಮಲಗಿದ್ವು.
ಸ್ಕ್ರಿಪ್ಟ್ ಬಂದು ಮಾರಿ ನೋಡಲಿಲ್ಲ.
ಜಾಗ ನೋಡಿತು.

ಮುಂಜಾನೆ ಕಿಲ್ಲಾ ಓಣಿ ಇರಲಿಲ್ಲ.
ಅದು ಇದ್ದಲ್ಲೆ ಕೆರೂರಿನ ಯಾವನೋ ವರ
ಬಾಸಿಂಗ ಕಟಗೊಂಡು ನಗತಿದ್ದ.
ಮುರಿಗೆಪ್ಪನವರು ಬಯ್ಯಲಿಲ್ಲ.
"ಒಮ್ಮೆ ನೀರು, ಒಮ್ಮೆ ನೀನು, ಶಮಶಾದ," ಅಂದ್ರು.
ಚಾ ತರಿಸಿದ್ರು.
ಆ ಚಾ ಇನ್ನೂ ಗಂಟಲದಾಗೈತಿ.

ಅವತ್ತ ನಿಯಮ ಬರ್ಯಾಕ ಕುಂತೆ.
ಒಂದೊಂದ ಡಬ್ಬಿಗೂ ಸೀರಿಯಲ್ ನಂಬರ್ ಕೇಳಿದೆ.
ಕರಿಯದು ತನ್ನದು ತಾ ಹೇಳಿತು.
ಉಳಿದೆರಡೂ ಒಂದ ಹೇಳಿದ್ವು:
ಸೊನ್ನಿ ಒಂದು ಎರಡು ಮೂರು ನಾಕು ಐದು.
ಅಗ್ಗದ ಮಾಲು, ಎಲ್ಲಾ ಕೂಸಿಗೂ ಒಂದ ತೊಟ್ಟಿಲ ಹೆಸರು.
ಶಾಲಿ ದಾಖಲೆದಾಗ ಬರೀತಿದ್ರಲ್ಲ,
ಗುರುತು: ಎಡಗೆನ್ನಿ ಮ್ಯಾಲ ಮಚ್ಚಿ,
ಹಂಗ ಒಳಗಿನ ಮಚ್ಚಿ ಹುಡುಕಿದೆ.
ಯುಯುಐಡಿ. ಅಂಗಿ ಬದಲಿಸಿದ್ರೂ ಅದು ಬದಲಾಗಂಗಿಲ್ಲ.

ಯೂಡೆವ್ ಕಡತದಾಗ ಎರಡು ಸಲ ಸಮ ಹಾಕಿದ್ರ ಕೇಳೋದು:
ನೀ ಅದನ ಏನು?
ಕೂಡಿಸಿ ಸಮ ಹಾಕಿದ್ರ ಕರಿಯೋದು.
ಒಂದು ಸಮ ಬಿಟ್ಟುಹೋದ್ರ
ಕೇಳೂ ಮಾತು ಅಪ್ಪಣಿ ಆಗತೈತಿ.
ಅಲ್ಲೂ ತಪ್ಪಿದೆ, ಎರಡು ಸಲ.

ಹಳೇದನ್ನ ಕಿತ್ತು ಒಗಿಯಂಗಿಲ್ಲ ಇದು.
ಸರಕಾರದ ಪ್ಲಾಟ್ ನಂಬರ್ ಬಾಗಿಲ ಮ್ಯಾಲ ಇದ್ದಂಗ ಇರತೈತಿ,
ಮಗ್ಗಲಿಗೆ ಮನ್ಯಾಗ ಕರಿಯೂ ಹೆಸರು:
ಹಳಪೇಟಿ. ಮದಿವಿ. ನಕಲು.

ಮೂರೂ ಕಿತ್ತೆ. ಉಲ್ಟಾ ಚುಚ್ಚಿದೆ.
ಬಿ, ಸಿ, ಡಿ ತಮ್ಮತಮ್ಮೊಳಗ ಚಾಪಿ ಜಗ್ಗಾಡಿದ್ವು.
ಹಳಪೇಟಿ, ಅಂದೆ.
ಕರಿಯದು, ಅರ್ಧ ಖಾಲಿ ಹೊಟ್ಟಿದು, ಓ ಅಂತು.

"ವೈರ್ ಕಿತ್ರ?" ಕೇಳಿದ್ರು ಮುರಿಗೆಪ್ಪನವರು.
"ಹೆಸರೂ ಹೋಗತೈತ್ರಿ. ಚುಚ್ಚಿದ್ರ ಬರತೈತಿ."
"ಹಂಗಾರ ನಮ್ಮ ಓಣಿ ವಾಸಿ," ಅಂದ್ರು,
ಆಲ್ಬಮ್ಮಿಗೆ ಬಂದ ಲಗ್ನಪತ್ರಿಕೆ ಕಣ್ಣಿಗೆ ಹತ್ತಿರ ಹಿಡದು
ಓದಿದ್ರು, ಎರಡು ಸಲ:
ಕಿಲ್ಲಾ ಓಣಿಯವರ ಮೊಮ್ಮಗಳು,
ಹಾಲಿ ವಸ್ತಿ ನವನಗರ, ಸೆಕ್ಟರ್ ಮೂವತ್ತೇಳು.

ಹುಡುಗಿ ಹುಟ್ಟಿದ್ದು
ನೀರು ಬಂದ ಮ್ಯಾಲ.